ಐನೂರು ರೂಪಾಯಿಯ ಗೆರೆ

2019ರ ಮೇ ತಿಂಗಳಲ್ಲಿ ನಾನೇ ಟೈಪ್ ಮಾಡಿದ ಒಂದು ಬಡ್ತಿ ಪತ್ರ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಆಗ ನಾನು ಪೀಣ್ಯದಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಹಾಜರಿ, ರಜೆ, ಪಾಳಿ ಬದಲಾವಣೆ, ಓಟಿ (ಓವರ್‌ಟೈಮ್, ಅಂದರೆ ಪಾಳಿ ಮುಗಿದ ಮೇಲಿನ ಹೆಚ್ಚುವರಿ ದುಡಿಮೆ) ಎಲ್ಲವೂ ನನ್ನ ಮೇಜಿನ ಮೇಲಿಂದಲೇ ಹಾದು ಹೋಗಬೇಕು. ಓಟಿ ಚೀಟಿಗಳು ಯಂತ್ರದ ಪಕ್ಕದಲ್ಲೇ ಬರೆದು ಬಂದವಾದ್ದರಿಂದ ಕೂಲೆಂಟಿನ ವಾಸನೆ ಹೊತ್ತು ಬರುತ್ತಿದ್ದವು. ಕೆಲವು ಚೀಟಿಗಳಲ್ಲಿ ಸಹಿಗಿಂತ ಹೆಬ್ಬೆರಳಿನ ಎಣ್ಣೆ ಗುರುತೇ ಸ್ಪಷ್ಟವಾಗಿರುತ್ತಿತ್ತು. ತಿಂಗಳ ಕೊನೆಯಲ್ಲಿ ಅವನ್ನೆಲ್ಲ ಹೆಸರುವಾರು ಜೋಡಿಸಿ, ಗಂಟೆ ಕೂಡಿಸಿ, ದುಪ್ಪಟ್ಟು ದರ ಹಾಕುವುದು ನನ್ನ ಕೆಲಸ.

ಪತ್ರ ಪಡೆದವನು ಒಂಬತ್ತು ವರ್ಷ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಮುಂದೆ ನಿಂತು ದುಡಿದ ಆಪರೇಟರ್. ಕೈಗೆ ಸಿಕ್ಕ ಬಿಡಿಭಾಗವನ್ನು ಅಳತೆಗಿಡುವ ಮೊದಲೇ ಅದು ಸರಿಯಿದೆಯೋ ಇಲ್ಲವೋ ಹೇಳಬಲ್ಲವನು. ಅವನನ್ನು ಪಾಳಿಯ ಸೂಪರ್‌ವೈಸರ್ ಮಾಡಿದಾಗ ಇಡೀ ಲೈನಿಗೆ ಸಿಹಿ ಹಂಚಿದ. ನನ್ನ ಮೇಜಿಗೂ ಎರಡು ಮೈಸೂರು ಪಾಕು ಬಂದಿತ್ತು. ಮುಂದಿನ ತಿಂಗಳ ಏಳನೆಯ ತಾರೀಕು ಸಂಬಳದ ಚೀಟಿ ಹಿಡಿದು ಕಿಟಕಿಯ ಬಳಿ ಬಂದು ನಿಂತ.

"ಮೇಡಂ, ಲೆಕ್ಕದಲ್ಲಿ ಏನೋ ತಪ್ಪಾದ ಹಾಗಿದೆ. ಬಡ್ತಿ ಸಿಕ್ಕಿದೆ, ಆದರೆ ಕೈಗೆ ಬಂದದ್ದು ಮೊದಲಿಗಿಂತ ಕಡಿಮೆ."

ತಪ್ಪಾಗಿರಲಿಲ್ಲ. ಆಪರೇಟರ್ ಆಗಿದ್ದಾಗ ಅವನ ತಿಂಗಳ ಸಂಬಳ 20,800. ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಗಂಟೆಗೆ 100. ಓಟಿ ಎಂದರೆ ಗಂಟೆಗೆ 200. ಆರ್ಡರ್ ಇದ್ದ ತಿಂಗಳಲ್ಲಿ ಹನ್ನೆರಡು ದಿನ ಎರಡೆರಡು ಗಂಟೆ ಹೆಚ್ಚಿಗೆ ನಿಂತರೆ 4,800 ರೂಪಾಯಿ ಸೇರಿ 25,600 ಆಗುತ್ತಿತ್ತು. ಬಡ್ತಿಯ ನಂತರ ಅವನ ಸಂಬಳ 24,500. ಸೂಪರ್‌ವೈಸರ್‌ಗೆ ಓಟಿ ಇಲ್ಲ. ಲೈನ್ ನಡೆಯುತ್ತಿರುವಾಗ ಆತ ಹೊರಡುವಂತಿಲ್ಲವಾದ್ದರಿಂದ ಅದೇ ಎರಡು ಗಂಟೆ ಆಗಲೂ ನಿಲ್ಲುತ್ತಿದ್ದ. ಮುಂದಿನ ಪಾಳಿಯವನಿಗೆ ಒಪ್ಪಿಸಿ, ರಿಪೋರ್ಟ್ ಬರೆದು ಹೊರಡುವ ಹೊತ್ತಿಗೆ ಇನ್ನರ್ಧ ಗಂಟೆ. ನಾನು ಚೀಟಿಯ ಹಿಂಬದಿಯಲ್ಲಿ ಇದನ್ನೆಲ್ಲ ಬರೆದು ತೋರಿಸಿದೆ. ಅವನು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಏನೂ ಹೇಳದೆ ಒಳಗೆ ಹೋದ.

ಕಳೆದುಕೊಂಡದ್ದು ಅಷ್ಟೇ ಅಲ್ಲ ಎಂಬುದು ನನಗೂ ಆಮೇಲೆ ಹೊಳೆಯಿತು. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಆಗ ವೇತನದ ಮಿತಿ 21,000 ರೂಪಾಯಿ. ಆ ಮಿತಿಯೊಳಗೆ ಬರುತ್ತಾನೋ ಇಲ್ಲವೋ ಎಂದು ನೋಡುವಾಗ ಓಟಿ ಹಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ 25,600 ಎಣಿಸಿದ ತಿಂಗಳಲ್ಲೂ ಆಪರೇಟರ್ ಇಎಸ್‌ಐ ಒಳಗೇ ಇರುತ್ತಿದ್ದ. 24,500ರ ಸೂಪರ್‌ವೈಸರ್ ಮಾತ್ರ ಹೊರಗೆ. ಸೆಪ್ಟೆಂಬರ್ ಮುಗಿದೊಡನೆ ಅವನ ವಂತಿಗೆ ನಿಂತಿತು, ಅದರ ಬೆನ್ನಿಗೇ ಮುಂದಿನ ವರ್ಷ ಸೌಲಭ್ಯವೂ ನಿಂತಿತು. ಹೆಂಡತಿಯ ಥೈರಾಯ್ಡ್ ಮಾತ್ರೆಗೆ ಅಲ್ಲಿಯವರೆಗೆ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದವರು ಅಂಗಡಿಯಲ್ಲಿ ಕೊಳ್ಳತೊಡಗಿದರು.

ನನ್ನನ್ನು ನಿಜಕ್ಕೂ ಕುಟುಕಿದ್ದು ಆ 24,500 ಎಂಬ ಅಂಕಿ. ಅದನ್ನು ಟೈಪ್ ಮಾಡುವಾಗ, ಇಪ್ಪತ್ನಾಲ್ಕು ಸಾವಿರಕ್ಕೆ ನಿಲ್ಲಿಸದೆ ಇನ್ನೊಂದು ಐನೂರು ಸೇರಿಸಿದ್ದಾರಲ್ಲ, ಒಳ್ಳೆಯ ಮನಸ್ಸು ಎಂದುಕೊಂಡಿದ್ದೆ. ಕೆಲವು ತಿಂಗಳ ನಂತರ, ರಿಟರ್ನ್ಸ್ ಸಲ್ಲಿಸಲು ಬರುತ್ತಿದ್ದ ಹಿರಿಯ ಲೇಬರ್ ಕನ್ಸಲ್ಟೆಂಟ್ ಒಬ್ಬರನ್ನು ಕಾಫಿ ಕುಡಿಯುತ್ತ ಕೇಳಿದೆ. ಅವರು ಆಗ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆಯ 64ನೆಯ ಸೆಕ್ಷನ್ ತೆರೆದು ತೋರಿಸಿದರು. ಮೇಲ್ವಿಚಾರಣೆಯ ಅಥವಾ ವ್ಯವಸ್ಥಾಪಕ ಹುದ್ದೆಯವರು ಯಾರು ಎಂದು ರಾಜ್ಯ ಸರ್ಕಾರ ನಿಯಮದಲ್ಲಿ ಹೇಳಬಹುದಿತ್ತು, ಅಂಥವರಿಗೆ ಕೆಲಸದ ವೇಳೆಯ ಮಿತಿ ಅನ್ವಯಿಸುತ್ತಿರಲಿಲ್ಲ. ಆದರೆ ಅದರ ಕೆಳಗೇ ಒಂದು ಷರತ್ತಿತ್ತು. ಅಂಥ ಸೂಪರ್‌ವೈಸರ್‌ನ ಸಂಬಳ ವೇತನ ಪಾವತಿ ಕಾಯ್ದೆಯ ಮಿತಿಯನ್ನು ಮೀರಿರದಿದ್ದರೆ, ಅವನಿಗೂ ಓಟಿ ಕೊಡಬೇಕಿತ್ತು. 2017ರ ಆಗಸ್ಟ್‌ನಿಂದ ಆ ಮಿತಿ 24,000 ರೂಪಾಯಿ ಆಗಿತ್ತು.

"ಇಪ್ಪತ್ನಾಲ್ಕು ದಾಟಿಸಿಬಿಟ್ಟರೆ ಕೇಳುವ ಹಕ್ಕೇ ಇರುವುದಿಲ್ಲ ಅಮ್ಮಾ" ಎಂದರು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಅದು ಅವರ ವೃತ್ತಿಯ ಜ್ಞಾನ. ಐನೂರು ರೂಪಾಯಿ ಕೊಟ್ಟು ತಿಂಗಳಿಗೆ ಇಪ್ಪತ್ತೈದು ಮೂವತ್ತು ಗಂಟೆ ಕೊಂಡುಕೊಂಡಿದ್ದರು, ಆ ವ್ಯಾಪಾರದ ಕಾಗದಕ್ಕೆ ನನ್ನ ಬೆರಳುಗಳನ್ನೇ ಬಳಸಿದ್ದರು.

ತಿಂಗಳ ಸಂಬಳದವರಿಗೂ ಓಟಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಅಂದಿನಿಂದ ನನ್ನ ಹಿಂದೆಯೇ ಇದೆ. ಆ ಪ್ರಶ್ನೆಯಲ್ಲಿ ನಾನೂ ಒಬ್ಬಳು. ನೂರೈವತ್ತು ಜನರ ಗಂಟೆಗಳನ್ನು ಬರೆದಿಡುತ್ತಿದ್ದ ನನ್ನ ಗಂಟೆಗಳಿಗೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ತಿಂಗಳ ಕೊನೆಯ ಮೂರು ದಿನ ರಾತ್ರಿ ಒಂಬತ್ತರವರೆಗೆ ಕೂತು, ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವಾಗ, ಇಷ್ಟು ಹೊತ್ತು ನಾನು ಎಣಿಸಿದ್ದೆಲ್ಲ ಬೇರೆಯವರ ಹೊತ್ತು ಎಂಬ ಯೋಚನೆ ಬರುತ್ತಿತ್ತು.

ದುಪ್ಪಟ್ಟು ದರವನ್ನು ಬಹಳ ಜನ ದುಡಿಮೆಗಾರನಿಗೆ ಕೊಟ್ಟ ಬಹುಮಾನ ಎಂದುಕೊಂಡಿದ್ದಾರೆ. ಅದು ಮಾಲೀಕನ ಕಿವಿಗೆ ಕಟ್ಟಿದ ಎಚ್ಚರಿಕೆಯ ಗಂಟೆ. ನಮ್ಮಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಉತ್ಪಾದನೆಯ ಸಭೆ ನಡೆಯುತ್ತಿತ್ತು. ಒಂದು ಆರ್ಡರ್ ಒಪ್ಪಿಕೊಳ್ಳುವ ಮೊದಲು ಕಾರ್ಖಾನೆಯ ಮುಖ್ಯಸ್ಥರು ಕೇಳುತ್ತಿದ್ದ ಪ್ರಶ್ನೆ, "ಇದಕ್ಕೆ ಎಷ್ಟು ಓಟಿ ಬೀಳುತ್ತದೆ?" ಆ ಉತ್ತರ ನೋಡಿಯೇ ಎರಡನೇ ಪಾಳಿಗೆ ಇಬ್ಬರನ್ನು ಹಾಕುವುದೋ, ಗ್ರಾಹಕನ ಹತ್ತಿರ ಎರಡು ದಿನ ಕೇಳುವುದೋ ತೀರ್ಮಾನವಾಗುತ್ತಿತ್ತು. ಸೂಪರ್‌ವೈಸರ್‌ಗಳ ಗಂಟೆ, ಸ್ಟೋರ್ಸ್‌ನವರ ಗಂಟೆ, ಅಕೌಂಟ್ಸ್‌ನವರ ಗಂಟೆ ಎಷ್ಟು ಎಂದು ನಾನಿದ್ದ ವರ್ಷಗಳಲ್ಲಿ ಒಮ್ಮೆಯೂ ಯಾರೂ ಕೇಳಲಿಲ್ಲ. ಸ್ಟಾಕ್ ಎಣಿಕೆ ಭಾನುವಾರಕ್ಕೆ ಬಿತ್ತು, ಆಡಿಟ್‌ಗೆ ಕಾಗದ ಜೋಡಿಸುವುದು ರಾತ್ರಿಗೆ ಬಿತ್ತು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುತ್ತಾರಲ್ಲ, ಹಾಗೆ. ಮನುಷ್ಯರು ಕ್ರೂರಿಗಳಾಗಿದ್ದರಿಂದ ಹೀಗಾಗಲಿಲ್ಲ. ಬೆಲೆ ಇಲ್ಲದ್ದನ್ನು ಯಾರೂ ಅಳೆಯುವುದಿಲ್ಲ, ಅಳೆಯದ್ದು ಸೋರಿ ಹೋಗುವುದು ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಒಮ್ಮೆ ಮಾಲೀಕರ ಮುಂದೆಯೇ ಹೇಳಿದ್ದೆ. ಅವರು ಸಿಟ್ಟಾಗಲಿಲ್ಲ. ದೊಡ್ಡ ಕಂಪನಿಗಳು ಬಿಲ್ಲಿನ ಹಣ ಕೊಡಲು ಮೂರು ತಿಂಗಳು ಆಟವಾಡಿಸುತ್ತವೆ, ಬ್ಯಾಂಕಿನ ಬಡ್ಡಿ ಮಾತ್ರ ಒಂದು ದಿನವೂ ಕಾಯುವುದಿಲ್ಲ, ಸೂಪರ್‌ವೈಸರ್‌ಗೂ ದುಪ್ಪಟ್ಟು ಕೊಡಬೇಕೆಂದರೆ ಇರುವವರಿಗೆ ಕೊಡುವ ಬದಲು ಇನ್ನೊಬ್ಬ ಸೂಪರ್‌ವೈಸರ್‌ನನ್ನೇ ಇಟ್ಟುಕೊಳ್ಳುತ್ತೇನೆ ಎಂದರು. ಹಣದ ಒತ್ತಡದ ಬಗ್ಗೆ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆ ಬಿಲ್ಲುಗಳನ್ನು ನಾನೂ ನೋಡಿದ್ದೇನೆ. ಇನ್ನೊಬ್ಬನನ್ನು ಇಟ್ಟುಕೊಳ್ಳುತ್ತೇನೆ ಎಂಬ ಮಾತಿಗೆ ಮಾತ್ರ ನಾನು ಅಂದೂ ಇಂದೂ ಹೇಳುವುದು ಒಂದೇ: ಇಟ್ಟುಕೊಳ್ಳಿ. ಒಬ್ಬನಿಗೆ ಕೆಲಸ ಸಿಕ್ಕಿತು, ಇನ್ನೊಬ್ಬ ಹೊತ್ತಿಗೆ ಸರಿಯಾಗಿ ಮನೆಗೆ ಹೋದ. ಕಾಯ್ದೆ ಬಯಸಿದ್ದೂ ಅದನ್ನೇ ಅಲ್ಲವೇ?

ಹಾಗೆಂದು ಇದು ಅಷ್ಟು ಸರಳವಾಗಿಯೂ ಇಲ್ಲ. ಅದನ್ನು ಕಲಿಸಿದವಳು ಟೆಕ್ಸಾಸ್‌ನ ಪ್ಲೇನೋದಲ್ಲಿರುವ ನನ್ನ ಅಕ್ಕನ ಮಗಳು. ಅವಳು ಅಲ್ಲಿ ಗೃಹಬಳಕೆಯ ವಸ್ತುಗಳ ಅಂಗಡಿಯೊಂದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ವಾರಕ್ಕೆ 800 ಡಾಲರ್, ವರ್ಷಕ್ಕೆ 41,600. ಕೆಲಸ ವಾರಕ್ಕೆ ನಲವತ್ತಾರು ಗಂಟೆ. ಅಮೆರಿಕದಲ್ಲಿ 1938ರ ಕಾಯ್ದೆಯ ಪ್ರಕಾರ ವಾರಕ್ಕೆ ನಲವತ್ತು ಗಂಟೆ ಮೀರಿದರೆ ಒಂದೂವರೆ ಪಟ್ಟು ಕೊಡಬೇಕು. ಆದರೆ ಕೆಲಸ ಆಡಳಿತ ಅಥವಾ ವ್ಯವಸ್ಥಾಪನೆಯದಾಗಿದ್ದು, ಸಂಬಳ ಒಂದು ಮಿತಿಯನ್ನು ಮುಟ್ಟಿದ್ದರೆ ಕೊಡಬೇಕಾಗಿಲ್ಲ. ಆ ಮಿತಿ 2004ರಿಂದ 2019ರ ಕೊನೆಯವರೆಗೆ ವಾರಕ್ಕೆ 455 ಡಾಲರ್‌ನಲ್ಲೇ ನಿಂತಿತ್ತು, ಆಮೇಲೆ 684 ಆಯಿತು. 2024ರ ಜುಲೈ 1ರಂದು ಅದನ್ನು 844ಕ್ಕೆ ಏರಿಸಿದರು. ನನ್ನ ಅಕ್ಕನ ಮಗಳು ಒಂದೇ ದಿನದಲ್ಲಿ ಗೆರೆಯ ಈಚೆಗೆ, ಓಟಿ ಸಿಗುವ ಕಡೆಗೆ, ಬಂದಳು.

ನಾನು ಇಲ್ಲಿ ಕುಳಿತು ಲೆಕ್ಕ ಹಾಕಿ ಸಂತೋಷಪಟ್ಟೆ. 800 ಡಾಲರ್‌ಗೆ ನಲವತ್ತು ಗಂಟೆ ಎಂದರೆ ಗಂಟೆಗೆ 20, ಒಂದೂವರೆ ಪಟ್ಟು ಎಂದರೆ 30, ಆರು ಗಂಟೆಗೆ 180. ವಾರಕ್ಕೆ 180 ಡಾಲರ್ ಹೆಚ್ಚಿಗೆ! ಅವಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಚಿಕ್ಕಮ್ಮಾ, ನನ್ನನ್ನು ಗಂಟೆ ಲೆಕ್ಕಕ್ಕೆ ಹಾಕಿದ್ದಾರೆ, ಗಂಟೆಗೆ 16 ಡಾಲರ್ 33 ಸೆಂಟ್" ಎಂದಳು. ಮತ್ತೆ ಕೂಡಿಸಿ ನೋಡಿದೆ. ನಲವತ್ತು ಗಂಟೆಗೆ 653, ಉಳಿದ ಆರು ಗಂಟೆಗೆ ಒಂದೂವರೆ ಪಟ್ಟಿನಂತೆ 147. ಒಟ್ಟು ಅದೇ 800. ಓಟಿ ಕೊಟ್ಟಂತೆಯೂ ಆಯಿತು, ಒಂದು ಡಾಲರ್ ಹೆಚ್ಚಾಗದಂತೆಯೂ ಆಯಿತು. ಹಬ್ಬಕ್ಕೆ ಒಂದು ವಾರ ರಜೆ ಹಾಕಿದರೆ ಮಾತ್ರ ಆ ವಾರದ ಹಣ ಈಗ ಕಡಿಮೆ. ಜೊತೆಗೆ ಪಂಚಿಂಗ್ ಬಂತು. ಮಗುವಿನ ಶಾಲೆಗೆಂದು ಅರ್ಧ ಗಂಟೆ ಬೇಗ ಹೊರಟರೂ ಯಾರೂ ಕೇಳದಿದ್ದವಳು ಈಗ ನಿಮಿಷಕ್ಕೆ ಉತ್ತರ ಹೇಳಬೇಕಾಯಿತು. ತನ್ನನ್ನು ಕೆಳಗಿಳಿಸಿದ್ದಾರೆ ಎಂದೇ ಅವಳಿಗೆ ಅನ್ನಿಸಿತ್ತು. ಓಟಿ ವಿಸ್ತರಣೆಯನ್ನು ವಿರೋಧಿಸುವವರು ಹೇಳುವ ಮಾತೆಲ್ಲ ನನ್ನ ಮನೆಯ ಹುಡುಗಿಯ ಬಾಯಲ್ಲೇ ಕೇಳಿದೆ, ಅದನ್ನು ತಳ್ಳಿಹಾಕಲು ನನಗೆ ಸಾಧ್ಯವಿಲ್ಲ.

ಆದರೆ ಇನ್ನೊಂದನ್ನೂ ಅವಳೇ ಹೇಳಿದಳು. ರಾತ್ರಿ ಹತ್ತಕ್ಕೆ ಅಂಗಡಿಯಿಂದ ಬರುತ್ತಿದ್ದ ಸಂದೇಶಗಳು ಜುಲೈಯಲ್ಲಿ ನಿಂತುಹೋದವು. ಉತ್ತರಿಸಿದರೆ ಅದೂ ಕೆಲಸದ ಹೊತ್ತಾಗುತ್ತದೆ, ಅದಕ್ಕೂ ಹಣ ಕೊಡಬೇಕಾಗುತ್ತದೆ ಎಂದು ಮೇಲಿನವರಿಂದಲೇ ತಾಕೀತು ಬಂದಿತ್ತಂತೆ. ನಾಲ್ಕೂವರೆ ತಿಂಗಳು ಹಾಗೆ ನಡೆಯಿತು. ನವೆಂಬರ್ 15ರಂದು ಟೆಕ್ಸಾಸ್‌ನ ಪೂರ್ವ ಜಿಲ್ಲೆಯ ಫೆಡರಲ್ ನ್ಯಾಯಾಲಯ ಆ ನಿಯಮವನ್ನು ಇಡೀ ದೇಶಕ್ಕೆ ಅನ್ವಯವಾಗುವಂತೆ ರದ್ದುಪಡಿಸಿತು. ಪ್ಲೇನೋ ಇರುವುದೂ ಅದೇ ಜಿಲ್ಲೆಯಲ್ಲಿ. ಒಬಾಮ ಕಾಲದಲ್ಲಿ ಮಿತಿಯನ್ನು 913 ಡಾಲರ್‌ಗೆ ಏರಿಸಲು ಹೊರಟಾಗಲೂ, 2016ರ ನವೆಂಬರ್‌ನಲ್ಲಿ, ಜಾರಿಗೆ ಒಂಬತ್ತು ದಿನ ಇರುವಾಗ ಅದೇ ಜಿಲ್ಲೆಯ ನ್ಯಾಯಾಲಯ ತಡೆದಿತ್ತು. ಡಿಸೆಂಬರ್‌ನಲ್ಲಿ ಅವಳನ್ನು ಮತ್ತೆ ಸಂಬಳದ ಲೆಕ್ಕಕ್ಕೆ ಹಾಕಿದರು. ರಾತ್ರಿ ಹತ್ತರ ಸಂದೇಶಗಳೂ ಮರಳಿದವು.

ನ್ಯಾಯಾಲಯದ ತರ್ಕ ಇಷ್ಟು: ಯಾರಿಗೆ ಓಟಿ ಇಲ್ಲ ಎಂಬುದನ್ನು ಕಾಯ್ದೆ ಕೆಲಸದ ಸ್ವರೂಪದ ಮೇಲೆ ನಿರ್ಧರಿಸುತ್ತದೆ, ಸಂಬಳದ ಅಂಕಿಯನ್ನು ಇಷ್ಟು ಮೇಲೆ ಒಯ್ದರೆ ಕೆಲಸದ ಸ್ವರೂಪಕ್ಕೆ ಬೆಲೆಯೇ ಉಳಿಯುವುದಿಲ್ಲ. ಓದುವಾಗ ಸರಿ ಅನ್ನಿಸುತ್ತದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕು ಎಂದು ಎಷ್ಟೋ ಸಲ ಹೇಳಿದೆ. ಆದರೆ ಟೈಮ್ ಆಫೀಸಿನ ಕಿಟಕಿಗೆ ಬರುವವನ ಕೈಯಲ್ಲಿರುವುದು ಪತ್ರ ಮಾತ್ರ. ಪತ್ರದಲ್ಲಿ ಸೂಪರ್‌ವೈಸರ್ ಎಂದಿದ್ದರೆ ಅವನು ಸೂಪರ್‌ವೈಸರ್. ನಿಜವಾಗಿ ಮಾಡುವುದೇನು ಎಂದು ಸಾಬೀತುಪಡಿಸಲು ಅವನು ಕೆಲಸ ಬಿಟ್ಟು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು, ಯಾರಿಂದ ಸಾಧ್ಯ? ಅಮೆರಿಕದ ಮೂವರು ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಂಬಳದ ಆ ಮಿತಿಯ ಸುತ್ತಮುತ್ತಲೇ ಮ್ಯಾನೇಜರ್ ಎಂಬ ಬಿರುದುಗಳು ಥಟ್ಟನೆ ಹೆಚ್ಚುವುದನ್ನು ತೋರಿಸಿದ್ದಾರೆ. ಜಮಖಾನೆ ತೊಳೆಯುವವನಿಗೆ 'ಕಾರ್ಪೆಟ್ ಶಾಂಪೂ ಮ್ಯಾನೇಜರ್' ಎಂಬ ಹೆಸರಿಟ್ಟ ಉದಾಹರಣೆಯೂ ಅದರಲ್ಲಿದೆ. ಓದಿದಾಗ ನನಗೆ ನಗು ಬರಲಿಲ್ಲ, ನನ್ನ 24,500 ನೆನಪಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾವು ಬಡವನ ಆಡಂಬರಕ್ಕೆ ಹೇಳುತ್ತೇವೆ. ಆದರೆ ಇಲ್ಲಿ ಹೂವು ಮುಡಿಸುವವನೇ ಬೇರೆ, ಹಿಟ್ಟು ಕಸಿಯುವವನೂ ಅವನೇ.

ಓಟಿಯ ಇನ್ನೊಂದು ಮುಖವನ್ನೂ ಅದೇ 2019 ತೋರಿಸಿತು. ಆ ವರ್ಷದ ಮಧ್ಯಭಾಗದಲ್ಲಿ ದೇಶದ ವಾಹನ ಮಾರಾಟ ಕುಸಿಯಿತು. ನಮ್ಮಂಥ ಬಿಡಿಭಾಗದ ಕಾರ್ಖಾನೆಗಳಿಗೆ ಮೊದಲ ಪೆಟ್ಟು. ಓಟಿ ಪೂರ್ತಿ ನಿಂತಿತು. ಓಟಿ ಹಣವನ್ನೇ ನಂಬಿ ಬೈಕಿನ ಸಾಲ, ಚೀಟಿ ಕಂತು, ಮಕ್ಕಳ ಶುಲ್ಕ ಹೊಂದಿಸಿಕೊಂಡಿದ್ದ ಆಪರೇಟರ್‌ಗಳು ಮುಂಗಡ ಕೇಳಿಕೊಂಡು ನನ್ನ ಕಿಟಕಿಗೆ ಬಂದರು. ಹೆಚ್ಚಿನ ಗಂಟೆಯ ಹಣ ಮನೆಯ ಖರ್ಚಿನೊಳಗೆ ಬೆರೆತುಹೋದರೆ ಆಮೇಲೆ ಆ ಗಂಟೆಯನ್ನು ಬೇಡ ಎನ್ನುವ ಶಕ್ತಿಯೇ ದುಡಿಯುವವನಿಗೆ ಇರುವುದಿಲ್ಲ. ಮೈ ಹುಷಾರಿಲ್ಲದಿದ್ದರೂ ನಿಲ್ಲುತ್ತಾನೆ. ಆ ಮೂರು ನಾಲ್ಕು ತಿಂಗಳು ಬಡ್ತಿ ಪಡೆದವನಿಗೆ ಮಾತ್ರ 24,500 ತಪ್ಪದೆ ಬಂತು. "ಈಗ ಈ ಪತ್ರವೇ ಕಾಪಾಡುತ್ತಿದೆ ಮೇಡಂ" ಎಂದು ಅವನೇ ಒಂದು ದಿನ ಹೇಳಿದ. ತಿಂಗಳ ಸಂಬಳದಲ್ಲಿ ಒಂದು ನೆಮ್ಮದಿ ಇದೆ, ಅದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ನನ್ನ ತಕರಾರು ಆ ನೆಮ್ಮದಿಗೆ ಕಟ್ಟಿಸಿಕೊಳ್ಳುವ ಬೆಲೆಯ ಬಗ್ಗೆ.

ಹಾಗಾದರೆ ಎಲ್ಲರಿಗೂ, ಎಲ್ಲ ಸಂಬಳಕ್ಕೂ ಓಟಿ ಇರಲಿ ಎನ್ನುತ್ತೇನೆಯೇ? ಇಲ್ಲ. ತಿಂಗಳಿಗೆ ಎರಡು ಲಕ್ಷ ಪಡೆಯುವವರಿಗೆ ಇನ್ನೂ ಹಣ ಕೊಡುವುದರಿಂದ ಅವರ ರಾತ್ರಿಗಳು ಮರಳುವುದಿಲ್ಲ. ಅಂಥವರಿಗೆ ಬೇಕಾದದ್ದು ಗಂಟೆಯ ಮಿತಿ ಮತ್ತು ಒಲ್ಲೆ ಎನ್ನುವ ಹಕ್ಕು. ಬೆಂಗಳೂರಿನ ಐಟಿ ಕಚೇರಿಗಳು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುತ್ತವೆ. 1961ರ ಆ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ದುಪ್ಪಟ್ಟು ಎಂದು ಸ್ಪಷ್ಟವಾಗಿ ಬರೆದಿದೆ. ವ್ಯವಸ್ಥಾಪಕ ಹುದ್ದೆಯವರಿಗೆ ಮಾತ್ರ ವಿನಾಯಿತಿ. 2025ರ ಜೂನ್‌ನಲ್ಲಿ ಒಂಬತ್ತನ್ನು ಹತ್ತಕ್ಕೆ, ಓಟಿ ಸೇರಿ ಹನ್ನೆರಡಕ್ಕೆ ಏರಿಸುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಅಲ್ಲಿಯವರೆಗೆ, ತಮಗೂ ಒಂಬತ್ತು ಗಂಟೆಯ ಮಿತಿ ಇದೆ, ಓಟಿ ಇದೆ ಎಂಬುದೇ ನನಗೆ ಗೊತ್ತಿರುವ ಅನೇಕ ಐಟಿ ಹುಡುಗರಿಗೆ ತಿಳಿದಿರಲಿಲ್ಲ.

ನಡುವಿನವರ ಮಾತು ಬೇರೆ. ಸೂಪರ್‌ವೈಸರ್, ಸ್ಟೋರ್ಸ್ ಇನ್‌ಚಾರ್ಜ್, ಅಂಗಡಿಯ ಅಸಿಸ್ಟೆಂಟ್ ಮ್ಯಾನೇಜರ್, ನನ್ನಂಥ ಟೈಮ್ ಆಫೀಸಿನವರು. ಮೇಲಿನವರಂತೆ ನಿರ್ಧರಿಸುವ ಅಧಿಕಾರವಿಲ್ಲ, ಕೆಳಗಿನವರಂತೆ ಗಂಟೆಗೆ ಬೆಲೆಯೂ ಇಲ್ಲ. ಇವರಿಗೆ ಓಟಿ ಬೇಕು, ಅದನ್ನು ನಿರ್ಧರಿಸುವ ಗೆರೆ ಹಣದ ಗೆರೆಯಾಗಿರಬೇಕು, ಪ್ರತಿ ವರ್ಷ ಬೆಲೆಯೇರಿಕೆಯ ಜೊತೆ ತಾನಾಗಿಯೇ ಮೇಲೇರುವಂತಿರಬೇಕು. ನಮ್ಮಲ್ಲಿ ಗೆರೆಯನ್ನು ಎಳೆದವರು ಅದನ್ನು ಮರೆತುಬಿಡುತ್ತಾರೆ. ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಮೇಲ್ವಿಚಾರಕನನ್ನು ಕಾರ್ಮಿಕ ಎಂದು ಒಪ್ಪುವ ಮಿತಿ 1984ರಿಂದ 2010ರವರೆಗೆ 1,600 ರೂಪಾಯಿಯಲ್ಲೇ ಇತ್ತು. ಇಪ್ಪತ್ತಾರು ವರ್ಷ! ಆಮೇಲೆ 10,000 ಆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ, ಆ ಕಾಯ್ದೆಯ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 18,000. ಹತ್ತರಿಂದ ಹದಿನೆಂಟಕ್ಕೆ ಏರಿತು ಎಂದು ಪತ್ರಿಕೆಗಳು ಬರೆದವು. ಆದರೆ ಕೆಲಸದ ವೇಳೆ ಮತ್ತು ಓಟಿಯ ವಿಷಯ ಇರುವ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಇದೇ 18,000ದ ಗೆರೆ ಇದೆ. ಕಾರ್ಖಾನೆಯ ಸೂಪರ್‌ವೈಸರ್‌ಗೆ ಓಟಿಯ ಮಟ್ಟಿಗೆ ಹಳೆಯ ಕಾಯ್ದೆ ಹಾಕಿದ್ದ ಗೆರೆ 24,000 ಆಗಿತ್ತು. ಆ ಆರು ಸಾವಿರ ಇಳಿದದ್ದರ ಬಗ್ಗೆ ನಾನು ಒಂದು ಸಾಲನ್ನೂ ಎಲ್ಲೂ ಓದಲಿಲ್ಲ.

ಈಗ ನಾನು ದಾಬಸ್‌ಪೇಟೆಯ ಇನ್ನೊಂದು ಕಾರ್ಖಾನೆಯಲ್ಲಿದ್ದೇನೆ. ಪೀಣ್ಯದ ಆ ಹುಡುಗ ಎರಡು ವರ್ಷ ಸೂಪರ್‌ವೈಸರ್ ಆಗಿದ್ದು, ಬೇರೆ ಕಡೆ ಆಪರೇಟರ್ ಆಗಿ ಸೇರಿಕೊಂಡ. ಹೊಸ ಸಂಹಿತೆಗಳಿಗೆ ಹೊಂದುವಂತೆ ನಮ್ಮ ನಮೂನೆಗಳನ್ನೆಲ್ಲ ಬದಲಿಸುವಾಗ, ಕಳೆದ ಡಿಸೆಂಬರ್‌ನಲ್ಲಿ, ನಾನು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಸೂಪರ್‌ವೈಸರ್‌ಗಳ ಹಾಜರಿ ಹಾಳೆಗೆ ಒಂದು ಕಾಲಂ ಸೇರಿಸಿದೆ. ಹಣದ ಮಾತಿಲ್ಲ, ಬಂದ ಹೊತ್ತು, ಹೋದ ಹೊತ್ತು, ಎಂಟು ಗಂಟೆ ಮೀರಿದ್ದು ಎಷ್ಟು. ಜನವರಿಯ ಕೊನೆಗೆ ಏಳು ಜನರದ್ದು ಸೇರಿ 161 ಗಂಟೆ ಬಂತು. ಒಬ್ಬ ಮನುಷ್ಯನ ಇಡೀ ತಿಂಗಳ ದುಡಿಮೆ 208 ಗಂಟೆ, ಇದು ಅದರ ಮುಕ್ಕಾಲಿಗಿಂತ ಹೆಚ್ಚು. ಫೆಬ್ರುವರಿಯ ಮೊದಲ ಸಭೆಯಲ್ಲಿ ಹಾಳೆ ಎಲ್ಲರ ಮುಂದಿತ್ತು. ಕಾರ್ಖಾನೆಯ ಮುಖ್ಯಸ್ಥರು ಆ ಸಂಖ್ಯೆಯ ಮೇಲೆ ಪೆನ್ನಿಟ್ಟು, "ಇದೇನಿದು, ಇಷ್ಟೊಂದು ಯಾಕೆ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಆಮೇಲೆ ಸ್ಟೋರ್ಸ್‌ನವರು, "ಭಾನುವಾರದ ಸ್ಟಾಕ್ ಎಣಿಕೆಯೇ ಇದರಲ್ಲಿ ಐವತ್ತಾರು ಗಂಟೆ ಸಾರ್" ಎಂದರು. ಮಾರ್ಚ್‌ನಿಂದ ಎಣಿಕೆಯನ್ನು ಶನಿವಾರದ ಎರಡನೇ ಪಾಳಿಗೆ ಹಾಕಿದ್ದಾರೆ. ಹಣ ಕೊಡುವ ಮಾತು ಇನ್ನೂ ಬಂದಿಲ್ಲ. ಆ ಹಾಳೆಯ ಕೊನೆಯಲ್ಲಿ ಈ ತಿಂಗಳಿನಿಂದ ಎಂಟನೆಯ ಹೆಸರಾಗಿ ನನ್ನದನ್ನೂ ಬರೆದುಕೊಂಡಿದ್ದೇನೆ.